ಕರಡೇ ಇಲ್ಲದೆ ಅಭಿಪ್ರಾಯ ಬರೆಯುವುದು ಹೇಗೆ?

ನಾನು ತಾಲ್ಲೂಕು ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ ನಡೆಸುವ ವಕೀಲ. 2020ರಲ್ಲಿ, ಕೋವಿಡ್‌ನಿಂದ ಕೋರ್ಟು ಕಲಾಪಗಳೇ ಕುಂಟುತ್ತಿದ್ದಾಗ, ಕೇಂದ್ರ ಗೃಹ ಸಚಿವಾಲಯ ರಚಿಸಿದ್ದ ರಣಬೀರ್ ಸಿಂಗ್ ಸಮಿತಿ ಕ್ರಿಮಿನಲ್ ಕಾನೂನುಗಳ ಸುಧಾರಣೆಗೆಂದು ಆನ್‌ಲೈನ್ ಪ್ರಶ್ನಾವಳಿ ಬಿಡುಗಡೆ ಮಾಡಿತು. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು, ಮಸೂದೆಯ ಕರಡು ಮಾತ್ರ ಇರಲಿಲ್ಲ. ಕಿರಿಯ ವಕೀಲರಿಗೆ ಒಂದೊಂದನ್ನೂ ಕನ್ನಡದಲ್ಲಿ ವಿವರಿಸಿ, ಚರ್ಚಿಸಿ ಉತ್ತರ ಬರೆದೆವು. 2022ರಲ್ಲಿ ಸಮಿತಿ ವರದಿ ಸಲ್ಲಿಸಿತು. ಅದನ್ನು ಸಾರ್ವಜನಿಕರ ಮುಂದಿಡಲಿಲ್ಲ. ದೆಹಲಿಯ ನಿರ್ಭಯಾ ಪ್ರಕರಣದ ನಂತರ ರಚನೆಯಾಗಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯನ್ನು 2013ರ ಜನವರಿಯಲ್ಲಿ ಸಲ್ಲಿಕೆಯಾದ ಬೆನ್ನಿಗೇ ಓದಿದ್ದ ನಮಗೆ ಇದು ನುಂಗಲಾರದ ತುತ್ತಾಯಿತು.

2023ರ ಆಗಸ್ಟ್ 11ರಂದು ಹಳೆಯ ಕ್ರಿಮಿನಲ್ ಕಾನೂನುಗಳ ಬದಲಿಗೆ ತರಲಿದ್ದ ಮೂರು ಮಸೂದೆಗಳು ಲೋಕಸಭೆಗೆ ಬಂದು, ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ ಹೋದವು. ಈ ಸಲ ಕೈಯಲ್ಲಿ ಪಠ್ಯವಿತ್ತು. ಅವುಗಳಲ್ಲೊಂದಾದ, ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮನ್ನೇ ಹಿಡಿದು ಕುಳಿತೆ. ಹಳೆಯ ಸಿಆರ್‌ಪಿಸಿಯ 167ನೇ ಕಲಮಿನಲ್ಲಿ, ಹದಿನೈದು ದಿನಗಳ ನಂತರದ ಬಂಧನ ಪೊಲೀಸ್ ಕಸ್ಟಡಿಯಾಗಿರಬಾರದು ಎಂಬ ಮಾತು ಸ್ಪಷ್ಟವಾಗಿತ್ತು. ಹೊಸದರಲ್ಲಿ ಆ ಮಾತು ಮಾಯವಾಗಿತ್ತು. ಅದರ ಬದಲು, ಹದಿನೈದು ದಿನಗಳ ಪೊಲೀಸ್ ಕಸ್ಟಡಿಯನ್ನು ಮೊದಲ 40 ಅಥವಾ 60 ದಿನಗಳಲ್ಲಿ ತುಂಡುತುಂಡಾಗಿ ಪಡೆಯಲು ಅವಕಾಶವಿತ್ತು. ಜೈಲಿನಲ್ಲಿರುವ ಆರೋಪಿಯನ್ನು ಮತ್ತೆ ಠಾಣೆಗೆ ಕರೆದೊಯ್ಯುವ ಭಯ ಜಾಮೀನು ಅರ್ಜಿಯ ಮೇಲೆ ಏನು ಮಾಡುತ್ತದೆಂಬುದು ರಿಮ್ಯಾಂಡ್ ದಿನ ಕೋರ್ಟಿನಲ್ಲಿ ನಿಂತವರಿಗೆ ಗೊತ್ತು.

ಒಂದೇ ಹಾಳೆಯಲ್ಲಿ ಎಡಕ್ಕೆ ಹಳೆಯ ಪಠ್ಯ, ಬಲಕ್ಕೆ ಹೊಸದು, ಕೆಳಗೆ ಕಕ್ಷಿದಾರರ ಹೆಸರು ಮರೆಮಾಚಿದ ರಿಮ್ಯಾಂಡ್ ಆದೇಶದ ಸಾರ, ಕೊನೆಗೆ ನಾನು ಸೂಚಿಸುವ ಬದಲಿ ವಾಕ್ಯ. ಇಷ್ಟನ್ನೇ ಸ್ಥಾಯಿ ಸಮಿತಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿದೆ. ಭಾಷಣವನ್ನು ಬದಿಗಿಡಬಹುದು, ಸಿದ್ಧ ವಾಕ್ಯವನ್ನು ತಳ್ಳಿಹಾಕುವುದು ಕಷ್ಟ.

ನವೆಂಬರಿನ ತನ್ನ ವರದಿಯಲ್ಲಿ ಸ್ಥಾಯಿ ಸಮಿತಿಯೂ ಈ ಕಲಮನ್ನು ಸ್ಪಷ್ಟಗೊಳಿಸಬೇಕೆಂದಿತು. ಡಿಸೆಂಬರಿನಲ್ಲಿ ಪರಿಷ್ಕೃತ ಮಸೂದೆ ಬಂದಾಗ ನಾನು ಮೊದಲು ತೆರೆದದ್ದು 187ನ್ನೇ. ಬಿಟ್ಟುಹೋದ ಆ ಮಾತು ಮರಳಿರಲಿಲ್ಲ. ಏಕೆಂಬ ಕಾರಣವೂ ಮಸೂದೆಯ ಜೊತೆಗೆ ನನಗೆ ಕಾಣಲಿಲ್ಲ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ಸಲಹೆಯನ್ನು ತಿರಸ್ಕರಿಸುವ ಅಧಿಕಾರ ಸಂಸತ್ತಿಗಿದೆ, ಆದರೆ ಕಾರಣ ತಿಳಿದರೆ ತಾನೇ ನಾವು ಮುಂದೆ ವಾದಿಸುವುದು?

ಕರಡು ಮಸೂದೆಯನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಪ್ರಕಟಿಸಬೇಕು ಎಂದು ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯೇ ಹೇಳುತ್ತದೆ. ಈಗ ಕೇಂದ್ರ ಸಚಿವಾಲಯಗಳಿಗೆ ಯಾವ ಅಭಿಪ್ರಾಯ ಕಳಿಸಿದರೂ, ಆ ನೀತಿಯನ್ನು ಉಲ್ಲೇಖಿಸಿ, ಸಾರಾಂಶವನ್ನು ಎಂದು ಪ್ರಕಟಿಸುತ್ತೀರಿ ಎಂಬ ಪ್ರಶ್ನೆಯನ್ನು ಕೊನೆಯ ಸಾಲಾಗಿ ಸೇರಿಸುತ್ತೇನೆ.