ರೂಪಾಯಿ, ಪೈಸೆ ಎರಡೂ ನಂಬರ್ ಆದಾಗ

500 ರೂಪಾಯಿ ಸಾಮಾನು, 40 ರೂಪಾಯಿ ಡೆಲಿವರಿ. ನಾನು ಬರೆದ ಬಿಲ್ಲಿಂಗ್ ಪ್ರೋಗ್ರಾಂ ತೋರಿಸಿದ ಮೊತ್ತ 50040.

ನಾನು ಬಳಸಿದ ಜಾವಾಸ್ಕ್ರಿಪ್ಟ್ ಭಾಷೆಯ ಲೆಕ್ಕದಲ್ಲಿ ಇದು ತಪ್ಪೇ ಅಲ್ಲ. ವೆಬ್ ಪುಟದ ಪೆಟ್ಟಿಗೆಯಲ್ಲಿ 40 ಅಂತ ಒತ್ತಿದರೆ ಕೈಗೆ ಸಿಗುವುದು ನಂಬರ್ ಅಲ್ಲ, ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ನಂಬರಿಗೆ ಸ್ಟ್ರಿಂಗ್ ಕೂಡಿಸಿದರೆ ಎರಡನ್ನೂ ಪಕ್ಕಪಕ್ಕ ಅಂಟಿಸಿಬಿಡುತ್ತದೆ. ಕಳೆದರೆ ಮಾತ್ರ ಸರಿಯಾಗಿ 460 ಕೊಡುತ್ತದೆ! ಹಾಗಾಗಿ ನಾನು ಡಿಸ್ಕೌಂಟ್ ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇತ್ತು.

ಆಮೇಲೆ ಟೈಪ್‌ಸ್ಕ್ರಿಪ್ಟ್‌ಗೆ ಬಂದೆ. ಅದು ಜಾವಾಸ್ಕ್ರಿಪ್ಟ್‌ಗೆ 'ಟೈಪ್', ಅಂದರೆ ಯಾವುದು ನಂಬರ್, ಯಾವುದು ಸ್ಟ್ರಿಂಗ್ ಅನ್ನುವ ವಿವರ, ಸೇರಿಸಿದ ಭಾಷೆ. ಹಳೆ ಫೈಲುಗಳನ್ನು ಹಾಗೇ ಇಟ್ಟುಕೊಂಡು ಒಂದೊಂದಾಗಿ ಬದಲಾಯಿಸಬಹುದು ಅನ್ನುವುದೇ ನನಗೆ ಧೈರ್ಯ. 'ಸ್ಟ್ರಿಕ್ಟ್' ಅನ್ನುವ ಬಿಗಿ ತಪಾಸಣೆ ಆನ್ ಮಾಡಿದ ಕೂಡಲೇ ಸ್ಕ್ರೀನ್ ತುಂಬ ಕೆಂಪು ಗೆರೆ. ಸಾಕಾಗಿ ಅಲ್ಲಲ್ಲಿ 'ಎನಿ' (ಯಾವ ಟೈಪಾದರೂ ಸರಿ) ಅಂತ ಬರೆದು, ಓಡಿಸುವ ಮೊದಲು ಕೋಡ್ ಪರೀಕ್ಷಿಸುವ ಕಂಪೈಲರ್‌ನ ಬಾಯಿ ಮುಚ್ಚಿಸಿದ್ದೂ ಉಂಟು. ಆದರೂ 50040ರಂಥ ತಪ್ಪು ಪ್ರೋಗ್ರಾಂ ಓಡುವ ಮೊದಲೇ ಸಿಕ್ಕಿಬಿತ್ತು.

ಇನ್ನು ಚಿಂತೆಯಿಲ್ಲ ಅಂದುಕೊಂಡೆ. ಮುಂದಿನ ತಪ್ಪು ಅದಕ್ಕಿಂತ ಜಾಣ. ಪೇಮೆಂಟ್ ಗೇಟ್‌ವೇ ಮೊತ್ತವನ್ನು ಪೈಸೆಯಲ್ಲಿ ಕೇಳುತ್ತಿತ್ತು. ನಾನು 540 ಕಳಿಸಿದೆ. ಗಿರಾಕಿ ಖಾತೆಯಿಂದ ಹೋಗಿದ್ದು 5 ರೂಪಾಯಿ 40 ಪೈಸೆ. ಕಂಪೈಲರ್ ತುಟಿ ಬಿಚ್ಚಲಿಲ್ಲ. ಪಾಪ, ಅದರ ತಪ್ಪೇನು? ಎರಡನ್ನೂ ಬರೀ 'ನಂಬರ್' ಅಂತ ಹೇಳಿದ್ದವನು ನಾನು ತಾನೇ.

ಆಗ ರೂಪಾಯಿಗೊಂದು, ಪೈಸೆಗೊಂದು ಬೇರೆ ಟೈಪ್ ಮಾಡಿದೆ. ಒಳಗೆ ಎರಡೂ ನಂಬರೇ. ಆದರೆ ಪ್ರತಿಯೊಂದಕ್ಕೂ ಕಂಪೈಲರಿಗೆ ಮಾತ್ರ ಕಾಣುವ ಒಂದು ಗುರುತು ಅಂಟಿಸಿದೆ. ಇದಕ್ಕೆ ಬ್ರ್ಯಾಂಡೆಡ್ ಟೈಪ್ ಅನ್ನುತ್ತಾರೆ. ಈಗ ಪೈಸೆ ಕೇಳುವ ಫಂಕ್ಷನ್‌ಗೆ (ಒಂದು ಕೆಲಸ ಮಾಡುವ ಕೋಡ್ ತುಣುಕು) ರೂಪಾಯಿ ಕೊಟ್ಟರೆ ಕಂಪೈಲ್ ಆಗುವುದೇ ಇಲ್ಲ. ಒಂದು ಕಿರಿಕಿರಿ ಇದೆ: ಪೈಸೆಗೆ ರೂಪಾಯಿ ಕೂಡಿಸಿದರೆ ಕಂಪೈಲರ್ ಬೇಡ ಅನ್ನುವುದಿಲ್ಲ, ಉತ್ತರವನ್ನು ಬರೀ ನಂಬರ್ ಅನ್ನುತ್ತದೆ. ಆ ನಂಬರನ್ನು ಪೈಸೆ ಜಾಗದಲ್ಲಿ ಇಡಲು ಹೋದಾಗಲೇ ತಡೆಯುವುದು. ಪೈಸೆಗೆ ಪೈಸೆ ಕೂಡಿಸಿದರೂ ಅದೇ ಕಥೆ. ಅದಕ್ಕೇ ಕೂಡಿಸಲು ಒಂದು ಸಣ್ಣ ಫಂಕ್ಷನ್ ಬರೆದುಕೊಂಡೆ.

ಸರ್ವರ್‌ನಿಂದ ಬರುವ ಜೇಸನ್ (ಪಠ್ಯ ರೂಪದ ಮಾಹಿತಿ) ವಿಷಯ ಬೇರೆ. ಪ್ರೋಗ್ರಾಂ ಓಡುವ ಹೊತ್ತಿಗೆ ಟೈಪ್‌ಗಳೆಲ್ಲ ಅಳಿಸಿಹೋಗಿರುತ್ತವೆ, ಅಲ್ವಾ? ಆದ್ದರಿಂದ ಒಳಗೆ ಬಿಡುವ ಮೊದಲೇ, ಇದು ನಿಜಕ್ಕೂ ನಂಬರ್ ಹೌದೇ ಅಂತ ಕೈಯಾರೆ ನೋಡಿ, ಆಮೇಲೆ ಪೈಸೆ ಗುರುತು ಹಾಕುತ್ತೇನೆ.

ಹಳೆಯ 'ಎನಿ'ಗಳಲ್ಲಿ ಎರಡು ಇನ್ನೂ ಉಳಿದಿವೆ. ಎರಡೂ ಬಿಲ್ ಪ್ರಿಂಟ್ ಮಾಡುವ ಫೈಲಿನಲ್ಲಿ. ಆ ಫೈಲ್ ತೆರೆಯುವ ಮನಸ್ಸು ಇನ್ನೂ ಬಂದಿಲ್ಲ.