ಅಮೆರಿಸಿಯಂ, ಕ್ಯೂರಿಯಂ ಎರಡನ್ನೂ ಹೋಲಿಸೋದು ಹೆಂಗೆ?

ಎರಡೂ ವಿಕಿರಣ ಸೂಸೋ ಲೋಹಗಳು. ಇವೆರಡನ್ನ ಹೋಲಿಸೋಕೆ ಕೂತ್ರೆ ಎಲ್ರೂ ಮೊದ್ಲು ಒಂದು ಟೇಬಲ್ ಗೀಚಿ ಡೆನ್ಸಿಟಿ, ಮೆಲ್ಟಿಂಗ್ ಪಾಯಿಂಟು ಅಂತ ತುಂಬಿಸ್ತಾ ಹೋಗ್ತಾರೆ, ನಾನೂ ಹಂಗೇ ಮಾಡ್ತಿದ್ದೆ. ಅದು ಉಲ್ಟಾ. ಮೊದ್ಲು ಯಾವ ಐಸೋಟೋಪು (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪ) ಅಂತ ಬರ್ಕೊಳ್ಳಿ. ಬರೀ ಕ್ಯೂರಿಯಂ ಅಂದ್ರೆ ಏನೂ ಹೇಳ್ದಂಗಾಗಲ್ಲ, ಕ್ಯೂರಿಯಂ-242ರ ಹಾಫ್‌ಲೈಫ್ (ಅರ್ಧದಷ್ಟು ಪರಮಾಣು ಕ್ಷಯಿಸೋಕೆ ಹಿಡಿಯೋ ಕಾಲ) ಸುಮಾರು 163 ದಿನ, ಅದೇ 247ದು ಒಂದೂವರೆ ಕೋಟಿ ವರ್ಷದ ಮೇಲೆ! ಕೆಲಸಕ್ಕೆ ಬರೋ ಜೋಡಿ ಅಂದ್ರೆ ಅಮೆರಿಸಿಯಂ-241, 432 ವರ್ಷ, ಮತ್ತೆ ಕ್ಯೂರಿಯಂ-244, 18 ವರ್ಷ.

ಈಗ ಒಂದೇ ಒಂದು ಭಾಗಾಕಾರ. 432ನ್ನ 18ರಿಂದ ಭಾಗಿಸಿದ್ರೆ 24. ಹಾಫ್‌ಲೈಫ್ ಕಮ್ಮಿ ಇದ್ದಷ್ಟೂ ಕ್ಷಯ ಜೋರು, ಪರಮಾಣು ತೂಕನೂ ಹೆಚ್ಚೂಕಮ್ಮಿ ಒಂದೇ ಇರೋದ್ರಿಂದ ಗ್ರಾಂಗೆ ಗ್ರಾಂ ಇಟ್ಟು ನೋಡಿದ್ರೆ ಕ್ಯೂರಿಯಂ 24 ಪಟ್ಟು ಆಲ್ಫಾ ಕಣ (ಕ್ಷಯಿಸುವಾಗ ಹಾರೋ ಹೀಲಿಯಂ ನ್ಯೂಕ್ಲಿಯಸ್) ಉಗುಳುತ್ತೆ. ಶಾಖನೂ ಇದೇ ಲೆಕ್ಕ, ಅಮೆರಿಸಿಯಂ ಗ್ರಾಂಗೆ 0.11 ವ್ಯಾಟ್, ಕ್ಯೂರಿಯಂ 2.8. 24 ಪಟ್ಟಿಗಿಂತ ಚೂರು ಜಾಸ್ತಿ ಬಂತಲ್ವಾ, ಅದು ಕ್ಯೂರಿಯಂ ಆಲ್ಫಾಗೆ ಎನರ್ಜಿ ಸ್ವಲ್ಪ ಹೆಚ್ಚಿರೋದಕ್ಕೆ. ಶೀಲ್ಡಿಂಗ್ (ವಿಕಿರಣಕ್ಕೆ ಅಡ್ಡ ಕಟ್ಟೋದು) ಕಾಲಂ ಬೇರೆ ಇಡಿ: ಅಮೆರಿಸಿಯಂದು 59.5 ಕೆಇವಿ ಎನರ್ಜಿಯ ಗಾಮಾ ಕಿರಣದ ಕಾಟ, ಕ್ಯೂರಿಯಂ ಪರಮಾಣು ತಾನಾಗೇ ಒಡೆದು (ಫಿಷನ್) ನ್ಯೂಟ್ರಾನ್ ಬಿಡುತ್ತೆ.

ಲೋಹದ ಗುಣಕ್ಕೆ ಎರಡು ಸಾಲು ಸಾಕು. ಎರಡೂ ಬೆಳ್ಳಿ ಬಣ್ಣ, ಅಮೆರಿಸಿಯಂ 1176 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಕ್ಯೂರಿಯಂ 1340ರ ಆಸುಪಾಸು.

ಕೆಮಿಸ್ಟ್ರಿನೇ ತಲೆನೋವು. ಎರಡೂ +3 ಸ್ಥಿತಿಯಲ್ಲೇ (ಅಂದ್ರೆ ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟು) ಕೂತ್ಕೊಳ್ಳೋದ್ರಿಂದ ಬೇರೆ ಮಾಡೋಕೆ ಜೀವ ಹೋಗುತ್ತೆ, 1944ರಲ್ಲಿ ಇವನ್ನ ಕಂಡುಹಿಡಿದ ವಿಜ್ಞಾನಿ ಸೀಬೋರ್ಗ್ ತಂಡದವರು ರೋಸಿಹೋಗಿ ತಮಾಷೆಗೆ ಪ್ಯಾಂಡೆಮೋನಿಯಂ (ಗಲಾಟೆ), ಡಿಲಿರಿಯಂ (ಸನ್ನಿ) ಅಂತಿದ್ರು. ಹಂಗಾಗಿ +3 ಅಂತ ಎರಡೂ ಕಡೆ ಬರೆದು ಕೈ ತೊಳ್ಕೋಬೇಡಿ, ಸ್ಟ್ರಾಂಗ್ ಆಕ್ಸಿಡೈಸರ್ (ಎಲೆಕ್ಟ್ರಾನ್ ಕಿತ್ಕೊಳ್ಳೋ ರಾಸಾಯನಿಕ) ಹಾಕಿದ್ರೆ ಅಮೆರಿಸಿಯಂ +5, +6ಕ್ಕೆ ಏರುತ್ತೆ, ಕ್ಯೂರಿಯಂ ಜಗ್ಗಲ್ಲ, ಅದರ 5ಎಫ್ ಅನ್ನೋ ಎಲೆಕ್ಟ್ರಾನ್ ಕವಚದಲ್ಲಿ 7 ಎಲೆಕ್ಟ್ರಾನ್, ಸರಿಯಾಗಿ ಅರ್ಧ ತುಂಬಿರೋದ್ರಿಂದ ಗಟ್ಟಿಯಾಗಿ ಕೂತಿರುತ್ತೆ.

ಕೊನೇಲಿ ಉಪಯೋಗ. ಹೊಗೆ ಅಲಾರಂ ವರ್ಷಗಟ್ಟಲೆ ಸೀಲಿಂಗ್‌ಗೆ ಅಂಟ್ಕೊಂಡಿರ್ಬೇಕು, ಅಲ್ಲಿಗೆ ನಿಧಾನಸ್ಥ ಅಮೆರಿಸಿಯಂ, ಅದೂ ಮೈಕ್ರೋಗ್ರಾಂನ ಮೂರನೇ ಒಂದು ಭಾಗದಷ್ಟು (ಬಿಚ್ಚಿ ನೋಡೋಕೆ ಹೋಗ್ಬೇಡಿ ಮತ್ತೆ). ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನಲ್ಲಿ ಮಣ್ಣಿಗೆ ಆಲ್ಫಾ ಹೊಡೆದು ಎಕ್ಸ್‌ರೇ ಓದೋ ಎಪಿಎಕ್ಸ್‌ಎಸ್ ಇತ್ತಲ್ಲ, ಅಲ್ಲಿ ಪುಟ್ಟ ಸೋರ್ಸ್‌ನಿಂದ ಬೇಗ ಬೇಗ ಕಣ ಬೇಕು, ಅದಕ್ಕೇ ಅದರೊಳಗೆ ಇದ್ದಿದ್ದು ಕ್ಯೂರಿಯಂ-244.