ಲಾರಿ ತುಂಬಿಸುವ ಮೊದಲು: ಕಾಸರಗೋಡಿಗೆ ಬರುವ ಹೊಸಬರಿಗೆ

ವರ್ಗಾವಣೆಯ ಆದೇಶ ಕೈಗೆ ಬಂದ ಕೂಡಲೇ ಮನೆಯ ಸಾಮಾನನ್ನೆಲ್ಲ ಲಾರಿಗೆ ಏರಿಸಬೇಡಿ. ಹದಿನಾರು ವರ್ಷಗಳ ಹಿಂದೆ ದಾವಣಗೆರೆಯಿಂದ ಕಾಸರಗೋಡಿನ ನೀರ್ಚಾಲಿಗೆ ಬಂದಾಗ ನಾನು ಮಾಡಿದ್ದು ಅದನ್ನೇ. ಹೊಸದಾಗಿ ಕೊಂಡಿದ್ದ ಪಾರ್ಟಿಕಲ್ ಬೋರ್ಡಿನ ಬೀರು ಜುಲೈ ಮುಗಿಯುವಷ್ಟರಲ್ಲಿ ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿಕೊಂಡಿತು. ಬಾಗಿಲು ಹಾಕಿದರೆ ತೆರೆಯುತ್ತಿರಲಿಲ್ಲ, ತೆರೆದರೆ ಹಾಕಲಾಗುತ್ತಿರಲಿಲ್ಲ. ಅದರ ಪಕ್ಕದಲ್ಲೇ ಇದ್ದ ಅಜ್ಜಿಯ ಕಾಲದ ಹಲಸಿನ ಮಣೆಗೆ ಏನೂ ಆಗಲಿಲ್ಲ. ನಮ್ಮ ದಾವಣಗೆರೆಯಲ್ಲಿ ಐದು ವರ್ಷಕ್ಕೆ ಬೀಳುವ ಮಳೆ ಇಲ್ಲಿ ಒಂದೇ ವರ್ಷಕ್ಕೆ ಬೀಳುತ್ತದೆ, ಸುಮಾರು 3,500 ಮಿಲಿಮೀಟರ್. ಹಾಗಾಗಿ ಒಂದು ವಸ್ತು ಒಳ್ಳೆಯದೋ ಅಲ್ಲವೋ ಎಂದು ಹೇಳುವ ಹಕ್ಕು ಇಲ್ಲಿ ಮಳೆಗಾಲಕ್ಕೆ ಮಾತ್ರ ಇದೆ. ಹಾಸಿಗೆ, ಪಾತ್ರೆ, ಎರಡು ಕುರ್ಚಿ ತನ್ನಿ. ಉಳಿದದ್ದನ್ನು ಒಂದು ಮಳೆಗಾಲ ನೋಡಿ ಕೊಳ್ಳಿ.

ಮೊದಲು ಕೊಳ್ಳಬೇಕಾದದ್ದು ಚೂಡಾರಾಪ್ಪೆಟ್ಟಿ. ಹೆಸರು ಕೇಳಿ ಹೆದರಬೇಡಿ. ಬಿಸಿ ಆರದ ಪೆಟ್ಟಿಗೆ, ಅಷ್ಟೇ. ಇಲ್ಲಿಯ ಊಟ ಕುಚ್ಚಿಲಕ್ಕಿಯದು. ಸೋನಾಮಸೂರಿಯ ಅಭ್ಯಾಸದಲ್ಲಿ ಬಂದವರು ಮೊದಲ ತಿಂಗಳ ಗ್ಯಾಸ್ ಸಿಲಿಂಡರ್ ಖಾಲಿಯಾದಾಗ ಬೆಚ್ಚಿಬೀಳುತ್ತಾರೆ, ಏಕೆಂದರೆ ಆ ದಪ್ಪ ಅಕ್ಕಿ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಯಬೇಕು. ಈ ಪೆಟ್ಟಿಗೆ ಇದ್ದರೆ ಅನ್ನವನ್ನು ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಹಾಗೆಯೇ ಒಳಗಿಟ್ಟು ಮುಚ್ಚಿದರೆ ಮುಗಿಯಿತು. ಒಳಗಿನ ಥರ್ಮೋಕೋಲ್ ಶಾಖವನ್ನು ಹೊರಗೆ ಬಿಡುವುದಿಲ್ಲ, ಅಕ್ಕಿ ತನ್ನ ಬಿಸಿಯಲ್ಲೇ ಬೇಯುತ್ತದೆ. ಬೆಳಗ್ಗೆ ಇಟ್ಟುಹೋದರೆ ಮಧ್ಯಾಹ್ನ ಹಬೆಯಾಡುವ ಅನ್ನ. ಇದನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಪಾತ್ರ ದೊಡ್ಡದು. 1962ರಲ್ಲಿ ಹುಟ್ಟಿದ, ವಿಜ್ಞಾನವನ್ನು ಜನರ ಭಾಷೆಯಲ್ಲಿ ಹೇಳುವ ಸಂಸ್ಥೆ ಅದು; ಹೊಗೆ ಕಡಿಮೆ ಮಾಡುವ ಒಲೆಯನ್ನೂ ಪ್ರಚಾರ ಮಾಡಿದೆ. ಈ ಪೆಟ್ಟಿಗೆಯಲ್ಲಿ ಸ್ವಿಚ್ಚಿಲ್ಲ, ವಯರಿಲ್ಲ, ಕೆಡುವ ಭಾಗವೇ ಇಲ್ಲ. ಇದಕ್ಕಿಂತ ಜಾಣ ವಸ್ತುವನ್ನು ನಾನು ಯಾವ ದೊಡ್ಡ ಮಳಿಗೆಯಲ್ಲೂ ಕಂಡಿಲ್ಲ. ಅಳತೆಯೊಂದನ್ನು ಮಾತ್ರ ನೋಡಿಕೊಳ್ಳಿ: ದೊಡ್ಡ ಪೆಟ್ಟಿಗೆಯಲ್ಲಿ ಚಿಕ್ಕ ಪಾತ್ರೆ ಇಟ್ಟರೆ ಬಿಸಿ ನಿಲ್ಲುವುದಿಲ್ಲ.

ಬಟ್ಟೆಗೆ ಇಲ್ಲಿಯ ಕೈಮಗ್ಗವೇ ಸರಿ. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಹತ್ತಿಯದು, ಒಗೆದಷ್ಟೂ ಮೆತ್ತಗಾಗುತ್ತದೆ. ಹೊದಿಕೆ, ಟವೆಲ್ ಕೊಳ್ಳುವಾಗಲೂ ‘ಕೈತ್ತರಿ’ ಎಂದು ಕೇಳಿ. ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಕೈಮಗ್ಗದ್ದಾದರೆ, ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುವ ಕಡ್ಡಿಯ ಮೊಳೆಗಳು ಬಿಟ್ಟ ಸಣ್ಣ ತೂತುಗಳು ಸಾಲಾಗಿ ಕಾಣುತ್ತವೆ. ಜೊತೆಗೆ 2006ರಿಂದ ಜಾರಿಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಅನುಮಾನವೇ ಬೇಡ.

ಮಗು ಇರುವವರು ಪ್ಲಾಸ್ಟಿಕ್ ಟಬ್ ಹೊತ್ತು ತರಬೇಕಿಲ್ಲ. ನನ್ನ ಮಗಳನ್ನು ಪಕ್ಕದ ಮನೆಯ ಅಕ್ಕ ಅಡಿಕೆ ಹಾಳೆಯ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಮೀಯಿಸುತ್ತಿದ್ದರು. ದೋಣಿಯಂತೆ ಬಾಗಿದ ಹಾಳೆಯ ಒಳಮೈ ನುಣುಪು. ಮಗು ಜಾರಿದರೂ ಮಧ್ಯಕ್ಕೇ ಜಾರುತ್ತದೆ. ಹರಿದರೆ ತೆಂಗಿನ ಬುಡಕ್ಕೆ, ನಾಳೆ ತೋಟದಲ್ಲಿ ಇನ್ನೊಂದು ಬಿದ್ದಿರುತ್ತದೆ. ಆಟಿಕೆಗೆ ಐಎಸ್‌ಐ ಗುರುತು 2021ರ ಜನವರಿಯಿಂದ ಕಡ್ಡಾಯವಾಗಿದೆ, ನೋಡಿ ಕೊಳ್ಳಿ. ಹಾಳೆ ತಟ್ಟೆಗಳನ್ನು ಮಾತ್ರ ಮಳೆಗಾಲಕ್ಕೆಂದು ಕಟ್ಟುಗಟ್ಟಲೆ ಕೂಡಿಡಬೇಡಿ, ಬೂಸು ಹಿಡಿಯುತ್ತದೆ.

ಈ ಜಿಲ್ಲೆಯವರು ‘ಇದನ್ನು ಹೇಗೆ ಬೆಳೆದದ್ದು, ಏನು ಹೊಡೆದಿದ್ದಾರೆ’ ಎಂದು ಕೇಳಿದರೆ ಅದು ಫ್ಯಾಷನ್ ಅಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ ಇಲ್ಲಿಂದ ದೂರವಿಲ್ಲ. ಅಲ್ಲಿಯ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸಿಂಪಡಿಸಿದರು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಗೇರುಬೀಜ ಕೊಳ್ಳುವಾಗ ನಾನೂ ಈಗ ಕೇಳುತ್ತೇನೆ.

ಇನ್ನು ಸೈಕಲ್. ತನ್ನಿ, ಆದರೆ ಮಡ್‌ಗಾರ್ಡ್ ಇಲ್ಲದ್ದನ್ನು ಬೇಡ. ಇಲ್ಲಿಯದು ಮುರಕಲ್ಲಿನ ಮಣ್ಣು. ಮಳೆಯಲ್ಲಿ ಅರ್ಧ ಕಿಲೋಮೀಟರ್ ಹೋದರೆ ಅಂಗಿಯ ಬೆನ್ನಿಗೆ ಕೆಂಪು ಪಟ್ಟಿ ಬರೆದಿರುತ್ತದೆ, ಒಗೆದರೂ ಹೋಗದು. ಏರಿಳಿತ ಬಹಳ, ಆದ್ದರಿಂದ ಆರೇಳು ಗೇರಾದರೂ ಇರಲಿ. ಇಪ್ಪತ್ತೊಂದರ ಶೋಕಿ ಬೇಡ, ರಿಪೇರಿಗೆ ಮಂಗಳೂರಿನ ದಾರಿ ಹಿಡಿಯಬೇಕಾದೀತು. ಕಡಲ ಗಾಳಿಯ ಉಪ್ಪಿಗೆ ಚೈನು ಬಲುಬೇಗ ತುಕ್ಕು ಹಿಡಿಯುತ್ತದೆ. ಮೊದಲ ವರ್ಷ ನಾನು ಬುದ್ಧಿವಂತಿಕೆಯಿಂದ ತೆಂಗಿನೆಣ್ಣೆ ಬಿಟ್ಟೆ. ಊರ ತುಂಬ ಸಿಗುವ ಎಣ್ಣೆ, ಕೆಟ್ಟದ್ದೇನು ಎಂದುಕೊಂಡೆ. ಹತ್ತು ದಿನದಲ್ಲಿ ಅದು ಕೆಂಪು ದೂಳನ್ನೆಲ್ಲ ಹೀರಿ ಹಲಸಿನ ಅಂಟಿನಂತಾಯಿತು. ರಿಪೇರಿಯ ಏಟ್ಟ, ಅಂದರೆ ಅಣ್ಣ, ಚೈನನ್ನು ಬೆರಳಲ್ಲಿ ಎತ್ತಿ, ಮೂಸಿ, “ಇದನ್ನು ಹುರಿಯುವುದೋ, ಓಡಿಸುವುದೋ?” ಎಂದರು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಚೈನ್ ಆಯಿಲ್ ಬಿಟ್ಟು, ಮತ್ತೆ ಒರೆಸಿದರು. ಹೊರಗಿನ ಎಣ್ಣೆ ದೂಳು ಕರೆಯುತ್ತದೆ, ಒಳಗಿನದು ಕೆಲಸ ಮಾಡುತ್ತದೆ ಎಂದು ವಿವರಿಸಿದರು. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಮೊದಲು, ಅಂದರೆ ಮೇ ಮೂರನೆಯ ವಾರದೊಳಗೆ, ಬ್ರೇಕಿನ ರಬ್ಬರ್ ಬದಲಿಸಿಬಿಡಿ. ಒದ್ದೆ ರಿಮ್ಮಿನಲ್ಲಿ ಬ್ರೇಕ್ ತಡವಾಗಿ ಹಿಡಿಯುತ್ತದೆ, ಇಳಿಜಾರಿನ ಮೇಲಿಂದಲೇ ಮೆಲ್ಲಗೆ ಒತ್ತುತ್ತ ಬನ್ನಿ. ಆರು ಪಥದ 66ನೇ ಹೆದ್ದಾರಿಗೆ ಇಳಿಯಬೇಡಿ, ಸರ್ವಿಸ್ ರಸ್ತೆಯಲ್ಲಿ ಹೋಗಿ.

ಭಾಷೆಯ ಚಿಂತೆ ಬೇಡ. ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆ ಕನ್ನಡ, ತುಳು ನಡೆಯುತ್ತದೆ. ಚಂದ್ರಗಿರಿ ಹೊಳೆ ದಾಟಿದರೆ ಮಲಯಾಳ ಬೇಕು. ಗಂಡಸರಿಗೆ ಏಟ್ಟ, ಹೆಂಗಸರಿಗೆ ಏಚ್ಚಿ (ಅಕ್ಕ) ಎನ್ನಿ, ಒಂದು ವಾಕ್ಯ ಕಲಿಯಿರಿ: ‘ಇದು ನನ್ನಾಕ್ಕುಮೋ?’ ಅಂದರೆ, ಇದನ್ನು ಸರಿಮಾಡುತ್ತೀರಾ? ಕೊಳ್ಳುವ ಮೊದಲೇ ಕೇಳಿ. ಅಂಗಡಿಯವರು ತಲೆ ಕೆರೆದುಕೊಂಡರೆ ಹಣ ಜೇಬಿನಲ್ಲೇ ಇರಲಿ.

ಪ್ಲಾಸ್ಟಿಕ್ಕನ್ನು ಸುಡಬೇಡಿ. ಪಂಚಾಯತಿನ ಪರವಾಗಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಮನೆಬಾಗಿಲಿಗೆ ಬಂದು, ಸಣ್ಣ ಶುಲ್ಕ ಪಡೆದು ಒಯ್ಯುತ್ತಾರೆ. ತೊಳೆದು ಒಣಗಿಸಿ ಕೊಡಬೇಕು. ನಾನು ಮೊದಲ ಸಲ ಹಾಲಿನ ತೊಟ್ಟೆಗಳನ್ನು, ಅಂದರೆ ಖಾಲಿ ಪ್ಯಾಕೆಟ್ಟುಗಳನ್ನು, ಮುದ್ದೆ ಮಾಡಿ ಚೀಲಕ್ಕೆ ತುರುಕಿ ಕೊಟ್ಟಿದ್ದೆ. ಏಚ್ಚಿ ಒಂದನ್ನು ಬಿಡಿಸಿ ಮೂಗಿನ ಹತ್ತಿರ ತಂದರು, ನನ್ನ ಮುಖ ನೋಡಿದರು, ಚೀಲವನ್ನು ಮೆಟ್ಟಿಲ ಮೇಲಿಟ್ಟು ಮುಂದಿನ ಮನೆಗೆ ಹೋದರು. ಈಗ ನಮ್ಮ ಜಗಲಿಯ ಹಗ್ಗದಲ್ಲಿ ಮಗಳ ಸಮವಸ್ತ್ರದ ಪಕ್ಕದಲ್ಲೇ ಹಾಲಿನ ತೊಟ್ಟೆಗಳೂ ಒಣಗುತ್ತವೆ.